ಸಹಾಯ ಬೇಕು: ಪಾಕೆಟ್ ಟಾರ್ಚಿಗೆ ಗುರುತಿನ ದೀಪ, ಆದರೆ ಮೋಡ್ ತಪ್ಪುತ್ತಿದೆ

ಒಂದು 18650 (ಲಿಥಿಯಂ) ಸೆಲ್‌ನ ಟಾರ್ಚು, ಹಿಂಬದಿ ಕ್ಲಿಕ್ ಸ್ವಿಚ್, 7135 ಡ್ರೈವರ್ (ಎಲ್‌ಇಡಿಗೆ ಸ್ಥಿರ ಕರೆಂಟ್ ಕೊಟ್ಟು, ಬೆಳಕಿನ ಮೋಡ್ ಬದಲಿಸುವ ಸರ್ಕ್ಯೂಟ್). ಆಫ್ ಇದ್ದಾಗ ಕತ್ತಲಲ್ಲಿ ಕೈಗೆ ಸಿಗಲೆಂದು ಬಾಲದ ಮುಚ್ಚಳದೊಳಗೆ ಎಟಿಟೈನಿ85 (ಪುಟ್ಟ ಮೈಕ್ರೋಕಂಟ್ರೋಲರ್ ಚಿಪ್) ಮತ್ತು ಕೆಂಪು ಎಲ್‌ಇಡಿ ಕೂರಿಸಿದೆ. ನಾಲ್ಕು ಸೆಕೆಂಡಿಗೊಮ್ಮೆ 2 ಮಿಲಿಆಂಪ್, 20 ಮಿಲಿಸೆಕೆಂಡ್ ಮಿನುಗು. ಸರಾಸರಿ ಬರೀ 10 ಮೈಕ್ರೋಆಂಪ್. ನೀಲಿ, ಬಿಳಿ ಬೇಡವೆಂದದ್ದು ಸೆಲ್ 3 ವೋಲ್ಟಿಗೆ ಇಳಿದಾಗ ಅವು ಮಂಕಾಗುತ್ತವೆಂದು.

ಚಿಪ್ ಸ್ವಿಚ್ಚಿಗೆ ಸಮಾನಾಂತರವಾಗಿದೆ: ಪ್ಲಸ್ ಕಾಲು ಟಾರ್ಚಿನ ಮೈಗೆ, ಮೈನಸ್ ಸ್ಪ್ರಿಂಗಿಗೆ. ಟಾರ್ಚು ಹಚ್ಚಿದರೆ ಸ್ವಿಚ್ಚೇ ಅದನ್ನು ಶಾರ್ಟ್ ಮಾಡುತ್ತದೆ, ಮಿನುಗು ತಾನೇ ನಿಲ್ಲುತ್ತದೆ. ಆಫ್‌ನಲ್ಲಿ ಕರೆಂಟಿಗೆ ದಾರಿ ಬೇಕಲ್ಲ, ಅದಕ್ಕೆ ಡ್ರೈವರ್ ಇನ್‌ಪುಟ್‌ಗೆ ಅಡ್ಡಲಾಗಿ 560 ಓಮ್ ರೆಸಿಸ್ಟರ್.

ತೊಂದರೆ ಇಲ್ಲೇ. ಪ್ರತಿ ಮಿನುಗಿಗೂ ಆ ರೆಸಿಸ್ಟರ್ ಮೇಲೆ 1.1 ವೋಲ್ಟ್ ಏಳುತ್ತದೆ. ಡ್ರೈವರಿನ ಕೆಪಾಸಿಟರ್ ಪೂರ್ತಿ ಬರಿದಾಗದೆ, ಕ್ಷಣಮಾತ್ರ ಆಫ್ ಆಯಿತೆಂದು ಡ್ರೈವರ್ ತಿಳಿಯುತ್ತದೇನೋ, ರಾತ್ರಿಯಿಡೀ ಆಫ್ ಇದ್ದರೂ ಬೆಳಿಗ್ಗೆ ಒತ್ತಿದರೆ ಮೊದಲ ಮೋಡಿನ ಬದಲು ಮುಂದಿನದಕ್ಕೆ ಹಾರುತ್ತದೆ. 220 ಓಮ್ ಹಾಕಿದರೆ ಸರಿಹೋಗುತ್ತದೆ, ಆದರೆ ಹಚ್ಚಿದಾಗ 19 ಮಿಲಿಆಂಪ್ ಸುಮ್ಮನೆ ಪೋಲು. ಲೋ ಮೋಡಿನಲ್ಲಿ ಅದು ದೊಡ್ಡದೇ.

ಇನ್ನೊಂದು ದಾರಿ: ಚಿಪ್‌ಗೆ 10 ಕಿಲೋಓಮ್ ರೆಸಿಸ್ಟರ್ ಮೂಲಕ ಸರಬರಾಜು, ಪಕ್ಕದಲ್ಲಿ 47 ಮೈಕ್ರೋಫ್ಯಾರಡ್ ಕೆಪಾಸಿಟರ್. ಮಿನುಗಿನ ಕರೆಂಟ್ ಕೆಪಾಸಿಟರಿನಿಂದಲೇ ಬಂದು, ಡ್ರೈವರ್ ಕಡೆ 0.05 ವೋಲ್ಟ್ ಮಾತ್ರ ಏಳಬೇಕು. ಸೆರಾಮಿಕ್ ಆದರೆ 4 ವೋಲ್ಟಿನಲ್ಲಿ ಅದರ ಮೈಕ್ರೋಫ್ಯಾರಡ್ ಸಾಮರ್ಥ್ಯ ಬಹಳ ಕುಸಿಯುತ್ತದೆ. ಟ್ಯಾಂಟಲಮ್‌ನ ಸೋರಿಕೆ ಮಿನುಗಿನಷ್ಟೇ ಕುಡಿದೀತು. ಜಾಗ 3 ಮಿಲಿಮೀಟರ್ ಎತ್ತರ ಅಷ್ಟೇ. ಸೆರಾಮಿಕ್, ಟ್ಯಾಂಟಲಮ್ ಎರಡರಲ್ಲಿ ಯಾವುದು ಹಾಕಲಿ? ಮಿನುಗನ್ನೇ 5 ಮಿಲಿಸೆಕೆಂಡಿಗೆ ಇಳಿಸಿ 10 ಮೈಕ್ರೋಫ್ಯಾರಡ್‌ನಲ್ಲಿ ಮುಗಿಸಿದವರಿದ್ದರೆ ಕಣ್ಣಿಗೆ ಕಾಣುತ್ತದೆಯೇ ತಿಳಿಸಿ.