ಡೇರೆ ಗೆಡ್ಡೆಗೆ ಕಣ್ಣು ಇದೆಯಾ ನೋಡು

ಕೂಸೇ, ಫೋಟೋ ನೋಡಿದೆ. ಟೈಪ್ ಮಾಡುತ್ತಾ ಕೂರಲು ಪುರುಸೊತ್ತಿಲ್ಲ, ಮಾತಿನಲ್ಲೇ ಹೇಳುತ್ತೇನೆ ಕೇಳು. ಊರಿಂದ ಒಯ್ದ ಡೇರೆ (ಡೇಲಿಯಾ) ಹೂವಿನ ಗೆಡ್ಡೆಯಲ್ಲಿ ಒಂದು ಚಿಗುರಲೇ ಇಲ್ಲ, ಇನ್ನೊಂದು ಆಳೆತ್ತರ ಆದರೂ ಮೊಗ್ಗಿಲ್ಲ ಅಂದೆಯಲ್ಲ. ಎರಡಕ್ಕೂ ಕಾರಣ ಬೇರೆ ಬೇರೆ.

ಚಿಗುರದ್ದರ ಫೋಟೋ ದೊಡ್ಡದು ಮಾಡಿ ನೋಡಿದೆ. ಗೆಡ್ಡೆ ದಪ್ಪಗೇ ಇದೆ, ಆದರೆ ಕುತ್ತಿಗೆಯೇ ಇಲ್ಲ! ಆಲೂಗಡ್ಡೆಗೆ ಮೈಯೆಲ್ಲಾ ಕಣ್ಣು, ಅಂದರೆ ಚಿಗುರೊಡೆಯುವ ಜಾಗ. ಡೇರೆಗೆ ಹಾಗಲ್ಲ, ಹಳೇ ದಂಟು ಗೆಡ್ಡೆಗೆ ಕೂಡುವ ಜಾಗದಲ್ಲಿ, ಅಂದರೆ ಕುತ್ತಿಗೆಯಲ್ಲಿ ಮಾತ್ರ. ಅಲ್ಲಿ ಸಣ್ಣ ಉಬ್ಬು ಕಾಣಬೇಕು. ಗೆಡ್ಡೆ ಬಿಡಿಸುವಾಗ ಆ ದಂಟಿನ ಚೂರೂ ಜೊತೆಗೆ ಬರಬೇಕು. ಬರೀ ಗೆಡ್ಡೆ ಮುರಿದು ಬಂದರೆ ಬೇರು ಬಿಟ್ಟೀತು, ಚಿಗುರುವುದಿಲ್ಲ. ಅದನ್ನು ಸುಮ್ನೆ ಕಾಯಬೇಡ, ಎಸೆದುಬಿಡು.

ಆಳೆತ್ತರದ್ದಕ್ಕೆ ನೆರಳು ಜಾಸ್ತಿ, ಗೊಬ್ಬರವೂ ಜಾಸ್ತಿ. ದಿನಕ್ಕೆ 5-6 ಗಂಟೆ ಬಿಸಿಲು ಬೀಳುವ ಮೂಲೆಗೆ ಕುಂಡ ಸರಿಸು. ಯೂರಿಯಾ ಹಾಕುತ್ತಿದ್ದರೆ ಇವತ್ತೇ ನಿಲ್ಲಿಸು, ಅದೆಲ್ಲ ಎಲೆಗೇ ಹೋಗುತ್ತದೆ. ತುದಿ ಚಿವುಟು, ಪಕ್ಕದಲ್ಲಿ ಕವಲೊಡೆಯುತ್ತದೆ. ಚಿವುಟಿದ ತುದಿಯನ್ನು ಎಸೆಯಬೇಡ ಮತ್ತೆ. ಗಿಣ್ಣಿನ ಕೆಳಗೆ ಕೊಯ್ದು, ಕೆಳಗಿನ ಎಲೆ ತೆಗೆದು, ಮರಳು ಬೆರೆಸಿದ ಮಣ್ಣಿನಲ್ಲಿ ಊರಿ ನೆರಳಲ್ಲಿಡು. ಬೇರು ಬಂದರೆ ಇನ್ನೊಂದು ಗಿಡವೇ ಆಯಿತು. ಗಿಡಕ್ಕೆ ಆಸರೆಯ ಕೋಲನ್ನು ಗೆಡ್ಡೆ ನೆಡುವಾಗಲೇ ಹುಗಿಯಬೇಕು. ಆಮೇಲೆ ಚುಚ್ಚಿದರೆ ಗೆಡ್ಡೆಗೇ ತಾಗುತ್ತದೆ. ನಮಗಾದರೆ ಅಡಿಕೆ ಮರ ಸೀಳಿದ ದಬ್ಬೆ, ಬೆಂಗಳೂರಲ್ಲಿ ಎಂಥದ್ದೋ ಒಂದು ಕೋಲು.

ನೀರು ಮಾತ್ರ ಹಿಡಿತದಲ್ಲಿರಲಿ. ಶಿರಸಿ, ಸಿದ್ದಾಪುರದ ಕಡೆ ಡೇರೆ ಮಳೆಯಲ್ಲೇ ಬೆಳೆಯುತ್ತದೆ, ನಿಜ. ಆದರೆ ನಾವು ಮಣ್ಣು ಏರಿಸಿ ನೆಡುತ್ತೇವೆ, ನೀರು ಇಳಿದು ಹೋಗುತ್ತದೆ. ನಿನ್ನ ಕುಂಡದ ತಟ್ಟೆಯಲ್ಲಿ ನೀರು ನಿಂತಿದ್ದು ಫೋಟೋದಲ್ಲೇ ಕಾಣುತ್ತಿದೆ. ಆ ತಟ್ಟೆ ತೆಗೆ. ಬೆರಳು ಮಣ್ಣಿಗೆ ಒತ್ತಿ ನೋಡು, ಒಣಗಿದ್ದರೆ ಮಾತ್ರ ನೀರು ಹಾಕು.

ನಮ್ಮ ಗ್ರೂಪಿನಲ್ಲಿ ಮೇಲೆ ಭಾವ "ಡೇರೆ ಅಂದರೆ ನಮ್ಮ ಮಲೆನಾಡಿನದೇ ಹೂವು" ಅಂತ ಹಾಕಿದ್ದಾರೆ. ಇಲ್ಲ ಭಾವ, ಅದರ ತವರು ಮೆಕ್ಸಿಕೋ ಕಡೆಯ ಬೆಟ್ಟಗುಡ್ಡ. 1963ರಲ್ಲಿ ಮೆಕ್ಸಿಕೋದವರು ಅದನ್ನು ರಾಷ್ಟ್ರೀಯ ಹೂವು ಅಂತಲೂ ಮಾಡಿಕೊಂಡರು. ಬೆಟ್ಟದ ತಂಪಿನ ಗಿಡ, ಅದಕ್ಕೇ ನಮ್ಮ ಮಳೆಗಾಲದ ತಂಪು ಹಿಡಿಸಿದೆ. ಜಗಳ ಬೇಡ, ಚೌತಿಗೆ ಬಂದಾಗ ಮಾತಾಡೋಣ!

ಹಾಂ, ಇದು ಮರೆಯಬೇಡ ಕೂಸೇ. ಹೂವಿನ ಕಾಲ ಮುಗಿದು ದಂಟು ಕೊಯ್ದರೆ ಒಳಗೆ ಟೊಳ್ಳು. ಅದರಲ್ಲಿ ನೀರು ನಿಂತರೆ ಇಳಿದು ಕುತ್ತಿಗೆಯೇ ಕೊಳೆಯುತ್ತದೆ. ತುದಿಗೆ ಪ್ಲಾಸ್ಟಿಕ್ ಚೂರು ಕಟ್ಟಿ ಕುಂಡವನ್ನು ಮಳೆ ತಾಗದ ಕಡೆ ಇಡು. ಗೆಡ್ಡೆ ಮಣ್ಣಲ್ಲೇ ಮಲಗಿರಲಿ. ಮೇ ತಿಂಗಳಲ್ಲಿ ಎತ್ತಿ, ಬಿಡಿಸಿ, ಹೊಸ ಮಣ್ಣಿಗೆ ಹಾಕು.

ಆನ್‌ಲೈನ್‌ನಲ್ಲಿ ನೀಲಿ ಡೇರೆ ಗೆಡ್ಡೆ ಕಂಡೆ, ತರಿಸಲಾ ಅಂತ ಕೇಳಿದ್ದೆ ಅಲ್ವಾ? ದುಡ್ಡು ಹಾಕಬೇಡ. ಡೇರೆಯಲ್ಲಿ ನೀಲಿ ಬಣ್ಣವೇ ಇಲ್ಲ. ನಮ್ಮನೆ ಕಡುಗೆಂಪಿನದು ಕೊಡುತ್ತೇನೆ, ಕುತ್ತಿಗೆ ಸಮೇತ.