ಟಾಕೀಸ್ ಒಡೆದ ಮೇಲೆ ಆ ಮೆಷಿನ್‌ಗಳು ಎಲ್ಲಿಗೆ ಹೋದವು?

ಆಪರೇಟರ್ ಮಗಳು, ತಿಪಟೂರು

ಎಲ್ಲರಿಗೂ ನಮಸ್ಕಾರ. ಹಳೇ ಟಾಕೀಸ್‌ಗಳ ಬಗ್ಗೆ ಇಲ್ಲಿ ಬರೆಯುವವರು ತುಂಬಾ ಜನ ಇದ್ದೀರಿ. ನನ್ನದು ಸ್ವಲ್ಪ ಬೇರೆ ಪ್ರಶ್ನೆ. ಪರದೆ ಕಡೆಯದ್ದಲ್ಲ. ಹಿಂದಿನ ಗೋಡೆಯಲ್ಲಿ ಸಣ್ಣ ಕಿಂಡಿಗಳು ಇರುತ್ತಿದ್ದವಲ್ಲ, ಅದರ ಆಚೆಯದ್ದು.

ನಮ್ಮಪ್ಪ ನಮ್ಮೂರಿನ ಒಂದು ಟಾಕೀಸಿನಲ್ಲಿ ಸಿನಿಮಾ ಓಡಿಸುವ ಆಪರೇಟರ್ ಆಗಿದ್ದರು. 1974ರಲ್ಲಿ ಸೇರಿದಾಗ ಅವರಿಗೆ 22 ವರ್ಷ. 2008ರಲ್ಲಿ ಟಾಕೀಸ್ ಮುಚ್ಚುವ ತನಕ ಅದೇ ಕ್ಯಾಬಿನ್, ಅದೇ ಎರಡು ಪ್ರೊಜೆಕ್ಟರ್ ಮೆಷಿನ್. ಕೊನೆಯ ಆಟದ ತನಕವೂ ಕಾರ್ಬನ್ ಕಡ್ಡಿ ಉರಿಸಿದ ಬೆಳಕಿನಲ್ಲೇ ಓಡಿಸಿದರು. ಆ ಎರಡು ಮೆಷಿನ್‌ಗೆ ಅಪ್ಪ ಅಕ್ಕ, ತಂಗಿ ಅಂತ ಹೆಸರಿಟ್ಟಿದ್ದರು. ಬಾಗಿಲ ಕಡೆ ಇದ್ದದ್ದು ಅಕ್ಕ, ಅದು ಒಂದು ದಿನವೂ ಕೈ ಕೊಟ್ಟಿಲ್ಲ. ಕಿಟಕಿ ಕಡೆಯದ್ದು ತಂಗಿ. ಅವಳಲ್ಲಿ ಆಗಾಗ ಲೂಪ್, ಅಂದರೆ ಫಿಲ್ಮಿಗೆ ಬಿಟ್ಟಿರುವ ಸಡಿಲ ಬಳಸು, ತಪ್ಪಿಹೋಗುತ್ತಿತ್ತು, ಪರದೆ ಮೇಲೆ ಚಿತ್ರ ಕುಣಿಯೋದು, ಕೆಳಗೆ ಶಿಳ್ಳೆ ಶುರುವಾಗೋದು. ಮನೆಯಲ್ಲಿ ಊಟಕ್ಕೆ ಕೂತಾಗ ಅಪ್ಪ "ಇವತ್ತು ತಂಗಿ ಮುನಿಸಿಕೊಂಡಿದ್ಲು" ಅಂದರೆ ನಮಗೆಲ್ಲ ಅರ್ಥ ಆಗುತ್ತಿತ್ತು.

ರಾತ್ರಿ ಊಟದ ಕ್ಯಾರಿಯರ್ ತೆಗೆದುಕೊಂಡು ಹೋಗುವ ಕೆಲಸ ನನ್ನದು. ಕಬ್ಬಿಣದ ಮೆಟ್ಟಿಲು ಹತ್ತಿದರೆ ಮೊದಲು ಬಿಸಿ ಗಾಳಿ ಮುಖಕ್ಕೆ ಹೊಡೆಯೋದು, ಆಮೇಲೆ ಸುಟ್ಟ ವಾಸನೆ, ಆಮೇಲೆ ಮೆಷಿನ್ನಿನ ಟಕಟಕ ಸದ್ದು. ದೀಪದ ಪೆಟ್ಟಿಗೆಗೆ ಒಂದು ಕಪ್ಪು ಗಾಜಿನ ಕಿಂಡಿ ಇತ್ತು. ಅದರೊಳಗೆ ಎರಡು ಕಡ್ಡಿಗಳ ಮಧ್ಯೆ ಬೆಂಕಿ ಉರಿಯೋದನ್ನು ನೋಡೋಕೆ ಅಪ್ಪ ನನ್ನನ್ನು ಎತ್ತಿ ಹಿಡಿಯುತ್ತಿದ್ದರು. ಬರಿ ಕಣ್ಣಲ್ಲಿ ಯಾವತ್ತೂ ನೋಡಬಾರದು ಅಂತ ಪ್ರತಿ ಸಲ ಹೇಳುತ್ತಿದ್ದರು. ಉರಿದು ಉಳಿದ ಕಡ್ಡಿಯ ಮೋಟು ತುಂಡುಗಳು ನನಗೆ. ಮೇಲೆ ತಾಮ್ರದ ತೆಳು ಹೊದಿಕೆ, ಒಳಗೆ ಕಪ್ಪು. ಇಡೀ ಬೀದಿಯ ಹುಡುಗಿಯರು ಕುಂಟೆಬಿಲ್ಲೆ ಮನೆ ಬರೆಯುತ್ತಿದ್ದದ್ದು ನಾನು ಕೊಟ್ಟ ಕಾರ್ಬನ್ ತುಂಡಿನಲ್ಲೇ.

ಟಾಕೀಸ್ ಮುಚ್ಚಿ ಎರಡು ತಿಂಗಳಿಗೆ ಮೆಷಿನ್ ಸಾಗಿಸಿದ್ದಾರೆ. ಅಪ್ಪನಿಗೆ ಯಾರೂ ಹೇಳಲಿಲ್ಲ. ವಿಷಯ ಗೊತ್ತಾಗಿ ಓಡಿ ಹೋದಾಗ ಕ್ಯಾಬಿನ್ ಖಾಲಿ. ನೆಲದಲ್ಲಿ ಬೋಲ್ಟ್ ಕಿತ್ತ ತೂತುಗಳು ಮಾತ್ರ ಇದ್ದವಂತೆ. ಈಗ ಆ ಜಾಗದಲ್ಲಿ ಜವಳಿ ಅಂಗಡಿ ಇದೆ. ಅದರ ಬಗ್ಗೆ ಅಪ್ಪನಿಗೆ ಬೇಜಾರಿಲ್ಲ. ಯುಗಾದಿಗೆ ಅಲ್ಲೇ ಪಂಚೆ ತಂದರು. ಆದರೆ ಈಗ ವಯಸ್ಸಾಯಿತು, ಸಂಜೆ ಹೊತ್ತು ಒಂದೇ ಮಾತು ಕೇಳುತ್ತಾರೆ. "ಅವರಿಬ್ಬರೂ ಎಲ್ಲಿಗೆ ಹೋದ್ರು?"

ಟಾಕೀಸ್ ಒಡೆದಾಗ ಈ ಮೆಷಿನ್‌ಗಳೆಲ್ಲ ಎಲ್ಲಿಗೆ ಹೋಗುತ್ತಿದ್ದವು? ಅಪ್ಪ ಇನ್ನೊಂದು ಸಲ ಕೈಯಿಂದ ಮುಟ್ಟಿ ನೋಡುವ ಹಾಗೆ ಎಲ್ಲಾದರೂ ಒಂದು ಇದೆಯಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಕೆ.ಜಿ. ರೋಡ್ ಹುಡುಗ, ಬೆಂಗಳೂರು

ಅಕ್ಕ, ನಿಮ್ಮ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ಆದರೆ ಓದಿ ಸುಮ್ನೆ ಹೋಗೋಕೆ ಆಗಲಿಲ್ಲ.

ನಾನು ಬೆಳೆದದ್ದು ಕಾಟನ್‌ಪೇಟೆಯಲ್ಲಿ. ಮೆಜೆಸ್ಟಿಕ್, ಸಾಗರ್, ಗೀತಾ, ಅಲಂಕಾರ್, ಹಿಮಾಲಯ, ಕಲ್ಪನಾ, ಮೇನಕಾ, ತ್ರಿಭುವನ್, ಕಪಾಲಿ, ಸಂತೋಷ್, ನರ್ತಕಿ, ಅನುಪಮಾ... ನಡೆದೇ ಹೋಗಿಬರುವಷ್ಟು ಹತ್ತಿರದಲ್ಲಿ ಇಷ್ಟು ಟಾಕೀಸ್ ಇದ್ದ ಜಾಗ ಇನ್ನೊಂದು ನಾನು ನೋಡಿಲ್ಲ. ಇಡೀ ಪ್ರದೇಶಕ್ಕೆ ಮೆಜೆಸ್ಟಿಕ್ ಅಂತ ಹೆಸರು ಬಂದದ್ದೇ ಟಾಕೀಸಿನಿಂದ. ಟಾಕೀಸ್ ಹೋಯಿತು, ಹೆಸರು ಬಸ್ ಬೋರ್ಡ್ ಮೇಲೆ ಉಳಿಯಿತು. ಕಪಾಲಿ 1968ರಲ್ಲಿ ಶುರುವಾಗಿ 2017ರಲ್ಲಿ ಮುಚ್ಚಿತು. 1,400ಕ್ಕೂ ಜಾಸ್ತಿ ಸೀಟು. ಅಲ್ಲಿ ಮುಂದಿನ ಸಾಲಲ್ಲಿ ಕೂತು ಕತ್ತು ಹಿಂದಕ್ಕೆ ವಾಲಿಸಿ ನೋಡಿದ ನೋವು ಇನ್ನೂ ನೆನಪಿದೆ. ಎಂ.ಜಿ. ರೋಡಿನ ಪ್ಲಾಜಾ 1936ರದ್ದು. ಈಗ ಅಲ್ಲಿ ಮೆಟ್ರೋ ಸ್ಟೇಷನ್. ಬ್ರಿಗೇಡ್ ರೋಡಿನ ರೆಕ್ಸ್ 2018ರ ಕೊನೇ ದಿನ ಬಾಗಿಲು ಹಾಕಿತು. ಸ್ಯಾಂಕಿ ರಸ್ತೆಯ ಕಾವೇರಿ 1974ರಿಂದ 2024ರವರೆಗೆ ಸರಿಯಾಗಿ 50 ವರ್ಷ ನಡೆಯಿತು. ಮೊದಲ ಕನ್ನಡ ಟಾಕಿ ಚಿತ್ರ 'ಸತಿ ಸುಲೋಚನ' 1934ರ ಮಾರ್ಚ್ 3ರಂದು ತೆರೆ ಕಂಡದ್ದು ಸಿಟಿ ಮಾರ್ಕೆಟ್ ಹತ್ತಿರದ ಪ್ಯಾರಮೌಂಟ್‌ನಲ್ಲಿ. ಅದೂ ಈಗ ಇಲ್ಲ.

ಜಯನಗರದಲ್ಲಿ ಕಂಡಕ್ಟರ್ ಇವತ್ತಿಗೂ "ನಂದಾ ಟಾಕೀಸ್ ಯಾರ್ರೀ ಇಳಿಯೋರು" ಅಂತ ಕೂಗುತ್ತಾರೆ. ಇಳಿದು ನೋಡಿದರೆ ಟಾಕೀಸ್ ಇಲ್ಲ.

ಇಷ್ಟೆಲ್ಲ ನೆನಪಿಟ್ಟುಕೊಂಡಿರೋ ನಾನು ಒಂದು ದಿನವೂ ಹಿಂದೆ ತಿರುಗಿ ಆ ಕಿಂಡಿ ಕಡೆ ನೋಡಿ, ಅಲ್ಲಿ ಒಬ್ಬರು ನಿಂತಿದ್ದಾರೆ ಅಂತ ಯೋಚನೆ ಮಾಡಿರಲಿಲ್ಲ. ಬೀಡಿ ಹೊಗೆಯಲ್ಲಿ ಆ ಬೆಳಕಿನ ಕೋಲು ಸುಳಿಯೋದನ್ನು ಮಾತ್ರ ನೋಡುತ್ತಿದ್ದೆ. ನಿಮ್ಮ ತಂದೆಯವರಿಗೆ ನನ್ನ ನಮಸ್ಕಾರ ತಿಳಿಸಿ.

ಬಲ್ಮಠ, ಮಂಗಳೂರು

ನಮ್ಮಲ್ಲೂ ಇದೇ ಕತೆ. ಜ್ಯೋತಿ ಟಾಕೀಸ್ ಹೋಯಿತು. ಆ ಸರ್ಕಲ್ಲಿಗೆ ಅಂಬೇಡ್ಕರ್ ವೃತ್ತ ಅಂತ ಹೆಸರಿದ್ದರೂ ಬಸ್ಸಿನವರ ಬಾಯಲ್ಲಿ ಅದು ಜ್ಯೋತಿಯೇ. ತುಳು ಸಿನಿಮಾ ಅಂದರೆ ನಮಗೆ ಜ್ಯೋತಿಯೇ ಆಗಬೇಕಿತ್ತು. ಮುಂಬೈಯಲ್ಲಿ 2019ರಲ್ಲಿ ಭಾರತೀಯ ಸಿನಿಮಾ ಮ್ಯೂಸಿಯಂ ತೆರೆದಿದ್ದಾರೆ. ಹಳೇ ಸಲಕರಣೆಗಳನ್ನು ಅಲ್ಲಿ ನೋಡಬಹುದು.

ಆಪರೇಟರ್ ಮಗಳು, ತಿಪಟೂರು

ಧನ್ಯವಾದ. ಮುಂಬೈ ತನಕ ಅಪ್ಪನಿಗೆ ಪ್ರಯಾಣ ಆಗಲ್ಲ. ಅದೂ ಅಲ್ಲದೆ ಮ್ಯೂಸಿಯಂನಲ್ಲಿ ಮುಟ್ಟೋಕೆ ಬಿಡಲ್ಲ ಅಲ್ವಾ? ಅವರಿಗೆ ಮುಟ್ಟಬೇಕು.

ಬೆಂಗಳೂರಿನವರು ಗಾಂಧಿನಗರದ ಕಡೆಯವರು ಅಂತ ಗೊತ್ತಾಯಿತು. ನಿಮ್ಮ ಕಡೆಯಿಂದಲೇ ನಮ್ಮೂರಿಗೆ ರೀಲ್ ಬಾಕ್ಸ್ ಬರುತ್ತಿದ್ದದ್ದು. ಗಾಂಧಿನಗರದ ಹಂಚಿಕೆದಾರರ ಆಫೀಸಿನಿಂದ ರೈಲಿಗೆ ಹಾಕುತ್ತಿದ್ದರು. ಅಪ್ಪ ಸೈಕಲ್ ತೆಗೆದುಕೊಂಡು ಸ್ಟೇಷನ್ನಿಗೆ ಹೋಗಿ ಕಾಯೋರು. ಬೆಂಗಳೂರಲ್ಲಿ 50 ದಿನ ಓಡಿದ ಪ್ರಿಂಟು ನಮಗೆ ಬರುವ ಹೊತ್ತಿಗೆ ಮೈತುಂಬಾ ಗೀರು. ಆಟ ಶುರುವಾಗುವ ಮುಂಚೆ ಇಡೀ ಪ್ರಿಂಟನ್ನು ಅಪ್ಪ ಕೈಯಲ್ಲೇ ಸುತ್ತಿ ನೋಡುತ್ತಿದ್ದರು. ಎರಡು ಬೆರಳ ಮಧ್ಯೆ ಅಂಚು ಹಿಡಿದುಕೊಂಡರೆ ಎಲ್ಲಿ ತೂತು ಹರಿದಿದೆ ಅಂತ ಕಣ್ಣು ಮುಚ್ಚಿಕೊಂಡೇ ಹೇಳೋರು. ಹರಿದ ಕಡೆ ಬ್ಲೇಡಿನಿಂದ ಕೆರೆದು, ಫಿಲ್ಮ್ ಅಂಟಿಸುವ ಸಿಮೆಂಟ್ ಹಚ್ಚಿ, ಒತ್ತಿ ಹಿಡಿದು ಹತ್ತು ಎಣಿಸೋರು. ಎಣಿಸುವ ಕೆಲಸವೂ ನನ್ನದೇ ಆಗಿತ್ತು.

ಕೊಬ್ಬರಿ ಹರಾಜಿನ ದಿನ ಮ್ಯಾಟ್ನಿಗೇ ಹೌಸ್‌ಫುಲ್. ಹಳ್ಳಿಯವರು ಕೊಬ್ಬರಿ ಮಾರಿದ ದುಡ್ಡು ಜೇಬಲ್ಲಿಟ್ಟುಕೊಂಡು ನೇರ ಬರೋರು. ಅವತ್ತು ತಂಗಿ ಕೈ ಕೊಡದೇ ಇರಲಿ ಅಂತ ಅಮ್ಮ ಮನೆಯಲ್ಲಿ ದೇವರಿಗೆ ದೀಪ ಹಚ್ಚುತ್ತಿದ್ದರು. ಇದನ್ನು ಬರೆಯುವಾಗ ಕಣ್ಣು ತುಂಬಿ ಬರ್ತಿದೆ.

ಗುಜರಿ ಅಂಗಡಿಯವನು, ದಾವಣಗೆರೆ

ಅಕ್ಕಾರ, ನೇರ ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಮ್ಮ ತಂದೆ ಕಾಲದಿಂದ ಗುಜರಿ ವ್ಯಾಪಾರ. ಮೂರು ಟಾಕೀಸ್ ಸಾಮಾನು ನಾವೇ ತಗೊಂಡಿದ್ದೀವಿ. ಪಿಕ್ಚರು ಸ್ಯಾಟಲೈಟ್‌ನಲ್ಲೇ ಬರೋಕೆ ಶುರುವಾದ ಮೇಲೆ ರೀಲ್ ಮೆಷಿನ್ ಯಾರಿಗೂ ಬೇಡವಾಯಿತು. ಮಾಲೀಕರು ಕುರ್ಚಿ, ಫ್ಯಾನು, ಶೀಟು, ಮೆಷಿನ್ ಎಲ್ಲಾ ಸೇರಿಸಿ ಒಂದೇ ರೇಟಿಗೆ ಕೊಡುತ್ತಿದ್ದರು. ನಮ್ಮಲ್ಲಿ ಬಿಚ್ಚಿ ಬೇರೆ ಬೇರೆ ಮಾಡುತ್ತಿದ್ದೆವು. ಎರಕದ ಕಬ್ಬಿಣ ಒಂದು ಕಡೆ, ಹಿತ್ತಾಳೆ ಒಂದು ಕಡೆ, ಮೋಟಾರ್ ಇನ್ನೊಂದು ಕಡೆ. ಮೋಟಾರ್ ಚೆನ್ನಾಗಿದ್ದರೆ ಬೇರೆ ಕೆಲಸಕ್ಕೆ ಹೋಗೋದು. ಹೆಚ್ಚಿನವು ಕರಗಿ ಹೋದವು. ಇದೇ ನಿಜ.

ಎಲ್ಲಾ ಅಲ್ಲ. ಈಗ ಹತ್ತು ವರ್ಷದಿಂದ ಹೋಟೆಲ್, ರೆಸಾರ್ಟಿನವರು ಬಂದು ಇಡೀ ಮೆಷಿನ್ ಕೇಳುತ್ತಾರೆ, ಅಲಂಕಾರಕ್ಕೆ ನಿಲ್ಲಿಸೋಕೆ. ಲೆನ್ಸ್ ಹುಡುಕಿಕೊಂಡು ಬರುವವರೂ ಇದ್ದಾರೆ.

ಒಂದು ವಿಷಯ. ಮೆಷಿನ್ ಮೈಮೇಲೆ ಕಂಪನಿ ಹೆಸರು, ನಂಬರ್ ಇರೋ ಸಣ್ಣ ತಗಡಿನ ಫಲಕ ಇರುತ್ತದೆ. ನಮ್ಮ ತಂದೆ ಅವನ್ನು ಕರಗಿಸೋಕೆ ಕೊಡುತ್ತಿರಲಿಲ್ಲ, ಒಂದು ಡಬ್ಬದಲ್ಲಿ ಹಾಕಿಡುತ್ತಿದ್ದರು. ಯಾಕೆ ಅಂತ ಹೇಳಿರಲಿಲ್ಲ. ಡಬ್ಬ ಈಗಲೂ ಇದೆ. ನಿಮ್ಮ ತಂದೆಯವರಿಗೆ ನಂಬರ್ ನೆನಪಿದ್ದರೆ ಕಳಿಸಿ, ಹುಡುಕ್ತೀನಿ.

ರೀಲ್ ಮೇಷ್ಟ್ರು, ಹಿರಿಯೂರು

ಮಗಳೇ, ನಾನೂ ಆಪರೇಟರ್. ಈಗ ನಿವೃತ್ತಿ. ಟೆಂಟ್‌ನಲ್ಲಿ ಕೆಲಸ ಕಲಿತವನು. ನೆಲದ ಮೇಲೆ ಕೂರುವ ಗಾಂಧಿ ಕ್ಲಾಸಿನವರು ಮರಳು ಗುಡ್ಡೆ ಮಾಡಿಕೊಂಡು ಅದರ ಮೇಲೆ ಕೂತು ನೋಡುತ್ತಿದ್ದ ಕಾಲ. ಆಟ ಶುರುವಾಗುತ್ತೆ ಅನ್ನೋದಕ್ಕೆ ಮೈಕಿನಲ್ಲಿ ವೆಂಕಟೇಶನ ಹಾಡು ಹಾಕಿದೆವು ಅಂದರೆ ಸುತ್ತಲಿನ ಹಳ್ಳಿಯವರು ಊಟ ಬಿಟ್ಟು ಎದ್ದು ಓಡಿ ಬರೋರು.

ಇಲ್ಲಿ ಓದುವವರಿಗೆ ನಿಮ್ಮ ತಂದೆ ಏನು ಕೆಲಸ ಮಾಡುತ್ತಿದ್ದರು ಅಂತ ಗೊತ್ತಾಗಲಿ ಅಂತ ಬರೀತೀನಿ. ಫಿಲ್ಮು ಸೆಕೆಂಡಿಗೆ 24 ಚಿತ್ರ, ನಿಮಿಷಕ್ಕೆ 90 ಅಡಿ ಓಡುತ್ತದೆ. 2,000 ಅಡಿ ಸ್ಪೂಲ್ ಹಾಕಿದರೆ ಸುಮಾರು 22 ನಿಮಿಷ. ಅಷ್ಟರೊಳಗೆ ಇನ್ನೊಂದು ಮೆಷಿನ್ನಿಗೆ ಮುಂದಿನ ಸ್ಪೂಲ್ ಹಾಕಿ, ಕಾರ್ಬನ್ ಹೊತ್ತಿಸಿ ರೆಡಿ ಇರಬೇಕು. ಪರದೆಯ ಬಲಗಡೆ ಮೇಲಿನ ಮೂಲೆಯಲ್ಲಿ ಒಂದು ಚುಕ್ಕೆ ಮಿಂಚುತ್ತದೆ. ನೀವೆಲ್ಲ ನೋಡಿರ್ತೀರಿ, ಯಾಕೆ ಅಂತ ಯೋಚಿಸಿರಲ್ಲ. ಅದು ನಮಗೆ. ಮೊದಲ ಚುಕ್ಕೆಗೆ ಎರಡನೇ ಮೆಷಿನ್ನಿನ ಮೋಟಾರ್ ಆನ್. ಸುಮಾರು 7 ಸೆಕೆಂಡಿಗೆ ಎರಡನೇ ಚುಕ್ಕೆ ಬರುತ್ತದೆ, ಆಗ ಓಡುತ್ತಿರುವ ಮೆಷಿನ್ನಿನ ಬೆಳಕು ಮುಚ್ಚಿ ಎರಡನೇದರ ಬೆಳಕು ಬಿಡಬೇಕು. ಸರಿಯಾಗಿ ಮಾಡಿದರೆ ಕೆಳಗೆ ಕೂತವರಿಗೆ ಏನೂ ಗೊತ್ತಾಗಲ್ಲ. ಇದರ ಜೊತೆಗೆ ಕಡ್ಡಿ ಉರಿದು ಸವೆಯುತ್ತಾ ಇರುತ್ತದೆ. ಅಂತರ ಜಾಸ್ತಿ ಆದರೆ ಬೆಳಕು ಮಂಕು, ಕಡಿಮೆ ಆದರೆ ಕಡ್ಡಿ ತಾಗುತ್ತದೆ. ಆಟ ಮುಗಿಯುವ ತನಕ ಒಂದು ಕೈ ಅದರ ಮೇಲೇ. 34 ವರ್ಷ ಹೀಗೆ ನಿಂತವರು ನಿಮ್ಮ ತಂದೆ.

ನಮ್ಮ ಟಾಕೀಸ್ ಮುಚ್ಚಿದಾಗ ಒಂದು ಮೆಷಿನ್ನನ್ನು ನಾನು ಗುಜರಿ ರೇಟ್ ಕೊಟ್ಟು ಮನೆಗೆ ತಂದೆ. ಹಿತ್ತಲಿನ ಕೊಟ್ಟಿಗೆಯಲ್ಲಿದೆ. ವಾರಕ್ಕೊಂದು ಸಲ ಎಣ್ಣೆ ಬಿಡ್ತೀನಿ. ಹುಳಿಯಾರು ಮೇಲೆ ಬಂದರೆ ತಿಪಟೂರಿನಿಂದ ಅರ್ಧ ದಿನದ ಕೆಲಸ. ತಂದೆಯವರನ್ನು ಕರೆದುಕೊಂಡು ಬಾ. ಊಟ ನಮ್ಮ ಮನೆಯಲ್ಲೇ.

ಆಪರೇಟರ್ ಮಗಳು, ತಿಪಟೂರು

ಭಾನುವಾರ ಹೋಗಿ ಬಂದೆವು. ಎಲ್ಲರಿಗೂ ಹೇಳಬೇಕು ಅನಿಸಿತು.

ದಾರಿಯುದ್ದಕ್ಕೂ ಅಪ್ಪ ಮಾತಾಡಲಿಲ್ಲ. ಕೊಟ್ಟಿಗೆಯಲ್ಲಿ ಮೇಷ್ಟ್ರು ಗೋಣಿ ಚೀಲ ತೆಗೆದರು. ಅಪ್ಪ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು. ನಾನು ತಡೆಯೋಕೆ ಹೋದೆ, ಮೇಷ್ಟ್ರು ನನ್ನ ಕೈ ಹಿಡಿದು ಸುಮ್ಮನಿರು ಅಂದರು. ಒಂದು ತುಂಡು ಹಳೇ ಫಿಲ್ಮ್ ಕೊಟ್ಟರು. ಅಪ್ಪ ಅದನ್ನು ಮೇಲಿನ ಸ್ಪೂಲಿನಿಂದ ಇಳಿಸಿ, ಹಲ್ಲಿನ ಚಕ್ರಕ್ಕೆ ಕೂರಿಸಿ, ಲೂಪ್ ಬಿಟ್ಟು, ಬೆಳಕು ಬೀಳುವ ಗೇಟ್ ತೆಗೆದು ಒಳಗೆ ಸೇರಿಸಿ, ಕೆಳಗೆ ಮತ್ತೆ ಲೂಪ್ ಬಿಟ್ಟರು. ಲೂಪಿನೊಳಗೆ ಎರಡು ಬೆರಳು ತೂರಿಸಿ ಅಳತೆ ನೋಡಿದರು. ಮನೆಯಲ್ಲಿ ಅಂಗಿ ಗುಂಡಿ ಹಾಕಿಕೊಳ್ಳೋಕೆ ನಡುಗುವ ಕೈ ಅದು. ಅಲ್ಲಿ ನಡುಗಲಿಲ್ಲ.

ಆಮೇಲೆ ಹ್ಯಾಂಡಲ್ ತಿರುಗಿಸಿದರು. ಟಕಟಕ ಸದ್ದು ಬಂತು. ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿ "ಇದು ತಂಗಿ ಅಲ್ಲ. ಆದ್ರೆ ಅವಳ ಪೈಕಿನೇ" ಅಂದರು. ಗುಜರಿಯಣ್ಣ ಹೇಳಿದ್ದನ್ನು ಅಪ್ಪನಿಗೆ ನಾನು ಹೇಳಿರಲಿಲ್ಲ. ಹೇಗೆ ಹೇಳೋದು ಅಂತ ಒಂದು ವಾರ ಒದ್ದಾಡಿದ್ದೆ. ಊಟಕ್ಕೆ ಕೂತಾಗ ಅಪ್ಪನೇ ಮೇಷ್ಟ್ರ ಹತ್ತಿರ "ನಮ್ಮವು ಕರಗಿ ಹೋಗಿರ್ತವೆ ಬಿಡಿ" ಅಂದರು. ಅವರಿಗೆ ಮೊದಲೇ ಗೊತ್ತಿತ್ತು.

ದಾವಣಗೆರೆ ಅಣ್ಣ, ನಂಬರ್ ಪೂರ್ತಿ ನೆನಪಿಲ್ಲವಂತೆ. ತಂಗಿಯ ಫಲಕದ ಒಂದು ಮೂಲೆ ಮುರಿದಿತ್ತಂತೆ, ಕೆಂಪು ಬಣ್ಣ ತಾಗಿತ್ತಂತೆ. ನಮ್ಮ ಟಾಕೀಸಿನ ಸಾಮಾನು ನಿಮ್ಮ ಕಡೆ ಬಂದಿರುವುದು ಕಷ್ಟ. ಆದರೂ ಡಬ್ಬದಲ್ಲಿ ಒಂದು ಸಲ ನೋಡಿ.

ಇನ್ನೊಂದು ಕೇಳೋದಿದೆ. ಹೊರಡುವಾಗ ಅಪ್ಪ "ಕಾರ್ಬನ್ ಇದೆಯಾ?" ಅಂತ ಕೇಳಿದರು. ಮೇಷ್ಟ್ರು ಒಳಗೆ ಹೋಗಿ ಹಳೇ ಪೇಪರಿನಲ್ಲಿ ಸುತ್ತಿಟ್ಟ ಒಂದು ಜೊತೆ ಕಡ್ಡಿ ತಂದರು. ಕಡ್ಡಿ ಇದೆ, ಹೊತ್ತಿಸೋಕೆ ಎ.ಸಿ. ಕರೆಂಟನ್ನು ಡಿ.ಸಿ. ಮಾಡಿ ಕೊಡುವ ರೆಕ್ಟಿಫೈಯರ್ ಇಲ್ಲ. ಯಾವುದಾದರೂ ಹಳೇ ಟಾಕೀಸಿನ ರೆಕ್ಟಿಫೈಯರ್ ಯಾರ ಹತ್ತಿರವಾದರೂ ಇದ್ದರೆ, ಕೆಟ್ಟಿದ್ದರೂ ಪರವಾಗಿಲ್ಲ, ದಯವಿಟ್ಟು ಇಲ್ಲಿ ಬರೆಯಿರಿ. ರಿಪೇರಿ ಇಬ್ಬರೂ ಸೇರಿ ಮಾಡಿಕೊಳ್ಳುತ್ತಾರಂತೆ.