‘ಕಡಲ್ಗಳ್ಳತನ’, ‘ಪ್ರಾದೇಶಿಕ ಜಲ’: ಎಲ್ಲಿ ಯಾವುದು?

ಪ್ರಶ್ನೆ: ಸಿಂಗಾಪುರ ಜಲಸಂಧಿಯಲ್ಲಿ ಕಳ್ಳರು ರಾತ್ರಿ ಹಡಗು ಹತ್ತಿ ಎಂಜಿನ್ ಬಿಡಿಭಾಗ ಕದ್ದ ಸುದ್ದಿಗೆ ‘ಕಡಲ್ಗಳ್ಳತನ’ ಸರಿಹೊಂದುತ್ತದೆಯೆ? ‘ಪ್ರಾದೇಶಿಕ ಜಲ’ ಎಂದರೆ ಒಂದು ದೇಶದ ನೀರೋ, ಆ ಭಾಗದ ಹಲವು ದೇಶಗಳ ನೀರೋ?

ಉತ್ತರ: ಆಡುಮಾತಿಗೆ ಸರಿ. ಕಾನೂನಿನ ಮಾತು ಬಂದಲ್ಲಿ ಬೇಡ. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಡಂಬಡಿಕೆಯ 101ನೇ ವಿಧಿ ಪೈರಸಿಗೆ, ಎಂದರೆ ಕಾನೂನಿನ ಅರ್ಥದ ಕಡಲ್ಗಳ್ಳತನಕ್ಕೆ, ಕಟ್ಟುಗಳನ್ನು ಹಾಕಿದೆ: ಕೃತ್ಯ ಯಾವ ದೇಶದ ಅಧಿಕಾರಕ್ಕೂ ಸೇರದ ಮುಕ್ತ ಸಮುದ್ರದಲ್ಲಿ ನಡೆಯಬೇಕು, ಖಾಸಗಿ ಉದ್ದೇಶಕ್ಕಾಗಿರಬೇಕು, ಒಂದು ಹಡಗಿನವರು ಇನ್ನೊಂದರ ಮೇಲೆ ಎರಗಬೇಕು. ಸಿಬ್ಬಂದಿಯೇ ತಮ್ಮ ಹಡಗನ್ನು ವಶಪಡಿಸಿಕೊಂಡರೆ ಅದು ದಂಗೆ, ಪೈರಸಿಯಲ್ಲ.

ಸಿಂಗಾಪುರ ಜಲಸಂಧಿ ಬಲು ಕಿರಿದು. ಒಂದು ದೇಶದ ಕಡಲಗಡಿ ದಡದಿಂದ 12 ನಾಟಿಕಲ್ ಮೈಲಿನವರೆಗೆ; ಇಲ್ಲಿ ಎರಡೂ ದಡಗಳಿಂದ ಅಷ್ಟು ಅಳೆಯಲು ಜಾಗವೇ ಸಾಲದು, ಹಾಗಾಗಿ ಅಲ್ಲಿನ ನೀರೆಲ್ಲ ಯಾವುದಾದರೊಂದು ದೇಶದ್ದೇ. ಅಲ್ಲಿನ ಕಳವಿಗೆ ‘ಹಡಗಿನ ಮೇಲೆ ಸಶಸ್ತ್ರ ದರೋಡೆ’ ಎನ್ನಿ. ಈ ಭೇದ ಬರೀ ಪಾಂಡಿತ್ಯದ್ದಲ್ಲ. ಪೈರಸಿ ಹಡಗನ್ನು ಯಾವ ದೇಶದ ಯುದ್ಧನೌಕೆಯೂ ಹಿಡಿಯಬಹುದು. ದರೋಡೆಕೋರರನ್ನು ಹಿಡಿಯುವ ಹಕ್ಕು ಆ ಕರಾವಳಿಯ ದೇಶಕ್ಕೆ ಮಾತ್ರ. ಬೆನ್ನಟ್ಟಿಕೊಂಡು ಬಂದ ನೌಕೆ ನೆರೆದೇಶದ ಗಡಿಯಲ್ಲಿ ನಿಲ್ಲಲೇಬೇಕು. ಕಳ್ಳರು ಗಡಿ ದಾಟಿ ತಪ್ಪಿಸಿಕೊಳ್ಳುವುದು ಇದರಿಂದಲೇ. 2004ರಲ್ಲಿ ಇಂಡೋನೇಷ್ಯಾ, ಮಲೇಷ್ಯಾ, ಸಿಂಗಾಪುರಗಳು ಪಕ್ಕದ ಮಲಾಕ್ಕಾ ಜಲಸಂಧಿಯಲ್ಲಿ ಗಸ್ತಿನ ಹೊಂದಾಣಿಕೆ ಮಾಡಿಕೊಂಡದ್ದಕ್ಕೂ ಈ ತೊಡಕು ಒಂದು ಕಾರಣ. ಆದರೆ ಸೊಮಾಲಿಯಾದ ಕಡಲ್ಗಳ್ಳರು ಅಪಹರಿಸಿದ್ದ ಎಂ.ವಿ. ರುಯೆನ್ ಹಡಗಿನ ಪ್ರಕರಣ ನಿಜಕ್ಕೂ ಕಡಲ್ಗಳ್ಳತನ: 2024ರ ಮಾರ್ಚಿನಲ್ಲಿ ಭಾರತದ ನೌಕಾಪಡೆ ದೂರದ ಕಡಲಲ್ಲಿ 35 ಮಂದಿಯನ್ನು ಹಿಡಿದು ಮುಂಬೈಗೆ ತಂದಿತು.

ಅಂಕಿಅಂಶದಲ್ಲಿ ಇನ್ನೊಂದು ಎಚ್ಚರ. ಅಂತರರಾಷ್ಟ್ರೀಯ ಸಾಗರ ಬ್ಯೂರೋದ ವರದಿ ಎರಡನ್ನೂ ಒಟ್ಟಿಗೆ ಎಣಿಸುತ್ತದೆ. ಆ ಮೊತ್ತವನ್ನು ‘ಇಷ್ಟು ಕಡಲ್ಗಳ್ಳತನ’ ಎಂದು ಬರೆದರೆ ತಪ್ಪಾಗುತ್ತದೆ.

‘ಪ್ರಾದೇಶಿಕ’ ಪದದಲ್ಲಿ ನಿಮಗೆ ಬಂದ ಗೊಂದಲ ನ್ಯಾಯವಾದದ್ದೇ. ‘ಪ್ರಾದೇಶಿಕ ಪಕ್ಷ’ದಲ್ಲಿ ಒಂದರ್ಥ (ರೀಜನಲ್), ‘ಪ್ರಾದೇಶಿಕ ಸೇನೆ’ಯಲ್ಲಿ ಇನ್ನೊಂದು (ಟೆರಿಟೋರಿಯಲ್). ಒಂದು ದೇಶದ 12 ಮೈಲಿನ ಪಟ್ಟಿಗೆ ‘ಕಡಲಗಡಿಯೊಳಗೆ’ ಎನ್ನಿ, ಹಲವು ದೇಶಗಳದ್ದಾದರೆ ‘ಆಗ್ನೇಯ ಏಷ್ಯಾದ ಕಡಲು’ ಎಂದು ಹೆಸರಿಟ್ಟೇ ಬರೆಯಿರಿ. 200 ಮೈಲಿನ ವಿಶೇಷ ಆರ್ಥಿಕ ವಲಯವನ್ನು ಗಡಿಯೊಳಗೆ ಸೇರಿಸಬೇಡಿ. ಅಲ್ಲಿ ಮೀನು, ತೈಲದ ಹಕ್ಕು ಕರಾವಳಿ ದೇಶದ್ದಾದರೂ ಪೈರಸಿಯ ಮಟ್ಟಿಗೆ ಮುಕ್ತ ಸಮುದ್ರದ ನಿಯಮವೇ ನಡೆಯುತ್ತದೆ. ನಾಟಿಕಲ್ ಮೈಲು 1.852 ಕಿ.ಮೀ., ನೆಲದ ಮೈಲು 1.609. 12 ಎಂದಾಗ 22 ಕಿ.ಮೀ. ಬರಬೇಕು, ಪತ್ರಿಕೆಗಳಲ್ಲಿ 19 ಎಂದು ಬಂದರೆ ತಿದ್ದಿಬಿಡಿ.